ಚೌಥಿ ಸೀಟಿನಿಂದ ಅಡುಗೆ ಓಟಾದವರೆಗೆ: ನಮ್ಮ ಬೆನ್ನಿಗೆ ಫಿಸಿಯೋಥೆರಪಿ ನಿಜವಾಗಿ ಏನು ಮಾಡುತ್ತದೆ?

ಡೊಂಬಿವ್ಲಿ ಅಕ್ಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ನನಗೀಗ 44. ಡೊಂಬಿವ್ಲಿಯಿಂದ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಲೋಕಲ್ ಟ್ರೈನಿನಲ್ಲಿ ದಿನಾ ಹೋಗಿ ಬರಲು ಶುರು ಮಾಡಿ 19 ವರ್ಷ ಆಯಿತು. ಒಂದು ಕಡೆಗೇ ಹತ್ತಿರ ಹತ್ತಿರ 48 ಕಿಲೋಮೀಟರ್. ಠಾಣೆವರೆಗೆ ನಿಂತೇ ಹೋಗುವುದು, ಅಲ್ಲಿ ಪುಣ್ಯವಿದ್ದರೆ ಚೌಥಿ ಸೀಟು. ಊರಲ್ಲಿರುವವರಿಗೆ ಇದು ಗೊತ್ತಿರಲಿಕ್ಕಿಲ್ಲ. ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವಳಾಗಿ ಅಂಚಿಗೆ ಕೂರುವುದು. ಎಡ ತೊಡೆ ಸೀಟಿನ ಮೇಲೆ, ಬಲ ತೊಡೆ ಗಾಳಿಯಲ್ಲಿ. ಬೀಳದ ಹಾಗೆ ಬಲಗಾಲನ್ನು ಓಡಾಡುವ ದಾರಿಗೆ ಚಾಚಿ ಒತ್ತಿ ಹಿಡಿಯಬೇಕು. ಬಲಭುಜದಲ್ಲಿ ಪರ್ಸು, ತೊಡೆ ಮೇಲೆ ಡಬ್ಬಿಯ ಚೀಲ, ಕೈಯಲ್ಲಿ ಮೊಬೈಲು, ಕತ್ತು ಕೆಳಗೆ. ಹೀಗೇ ಮುಕ್ಕಾಲು ಗಂಟೆ.

ಎರಡು ವರ್ಷದ ಹಿಂದೆ ಎಡ ಸೊಂಟದಲ್ಲಿ ನೋವು ಶುರುವಾಯಿತು. ಆಮೇಲೆ ಬಲಭುಜ, ಕತ್ತು. ಬೆಳಗ್ಗೆ ಎದ್ದ ಕೂಡಲೇ ತಲೆ ತಿರುಗಿಸಲು ಆಗುತ್ತಿರಲಿಲ್ಲ. ಸ್ಟೇಷನ್ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಹತ್ತು ದಿನದ ಪ್ಯಾಕೇಜ್. ಹೋದ ಕೂಡಲೇ ಮಲಗಿಸಿ ಕರೆಂಟಿನ ಪ್ಯಾಡ್ ಅಂಟಿಸುತ್ತಿದ್ದರು, ಆಮೇಲೆ ಶಾಖ, ಆಮೇಲೆ ಬಿಲ್. ಅಲ್ಲಿದ್ದಷ್ಟು ಹೊತ್ತು ಹಾಯಾಗಿರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಹನ್ನೊಂದನೇ ದಿನ ನೋವು ವಾಪಸ್. ಆ ಹತ್ತು ದಿನದಲ್ಲಿ ಒಬ್ಬರೂ ನನ್ನನ್ನು ಕೇಳಲಿಲ್ಲ, ನೀವು ದಿನವಿಡೀ ಏನು ಮಾಡುತ್ತೀರಿ ಅಂತ.

ಆಮೇಲೆ ಆಫೀಸಿನ ಗೆಳತಿ ಹೇಳಿದ ಇನ್ನೊಬ್ಬ ಫಿಸಿಯೋ ಹತ್ತಿರ ಹೋದೆ. ಮೊದಲ ದಿನ ಮೆಷಿನ್ ಮುಟ್ಟಲೇ ಇಲ್ಲ. ಒಂದು ಕುರ್ಚಿ ಎಳೆದು, ‘ಟ್ರೈನಿನಲ್ಲಿ ಹೇಗೆ ಕೂರುತ್ತೀರೋ ಹಾಗೆ ಕೂತು ತೋರಿಸಿ’ ಅಂದರು. ಕುರ್ಚಿಯ ಅಂಚಿಗೆ ಕೂತೆ. ಹಿಂದಿನಿಂದ ಒಂದು ಫೋಟೋ ತೆಗೆದು ನನಗೇ ತೋರಿಸಿದರು. ನನ್ನ ಬೆನ್ನುಮೂಳೆ ನೆಟ್ಟಗೆ ಇರಲಿಲ್ಲ, ಬಾಗಿದ ತೆಂಗಿನ ಮರದ ಹಾಗೆ ಒಂದು ಕಡೆ ವಾಲಿ ಮತ್ತೆ ಮೇಲೆ ಇನ್ನೊಂದು ಕಡೆ ತಿರುಗಿತ್ತು. ಆಮೇಲೆ ಚಪಾತಿ ಲಟ್ಟಿಸುವ ಹಾಗೆ ಮಾಡಿ ತೋರಿಸಿ ಅಂದರು. ನಾನು ಐದಡಿ ಎತ್ತರ, ನಮ್ಮ ಮನೆಯ ಓಟಾ, ಅಂದರೆ ಅಡುಗೆ ಕಟ್ಟೆ, 36 ಇಂಚು. ಲಟ್ಟಣಿಗೆ ಒತ್ತಬೇಕೆಂದರೆ ನನ್ನ ಎರಡೂ ಭುಜ ಕಿವಿಯ ಹತ್ತಿರ ಬರುತ್ತದೆ. 19 ವರ್ಷದಿಂದ ದಿನಕ್ಕೆ ಹದಿನಾರು ಚಪಾತಿ. ಯಾರೂ ಲೆಕ್ಕ ಹಾಕಿರಲಿಲ್ಲ, ನಾನೂ ಹಾಕಿರಲಿಲ್ಲ.

ಕೊಟ್ಟಿದ್ದು ನಾಲ್ಕೇ ವ್ಯಾಯಾಮ. ಮಲಗಿ ಸೊಂಟ ಎತ್ತುವುದು, ರಬ್ಬರ್ ಬ್ಯಾಂಡ್ ಹಿಡಿದು ಭುಜದ ಹಲಗೆಗಳನ್ನು ಹಿಂದಕ್ಕೆ ಎಳೆಯುವುದು, ಗದ್ದ ಒಳಕ್ಕೆ ಎಳೆಯುವುದು, ಒಂದು ಕಾಲಿನ ಮೇಲೆ ನಿಲ್ಲುವುದು. ಜೊತೆಗೆ ಓಟಾದ ಮುಂದೆ ನಿಲ್ಲಲು ನಾಲ್ಕು ಇಂಚಿನ ಹಲಗೆ. ಮೊದಲ ಎರಡು ವಾರ ಏನೂ ಗೊತ್ತಾಗಲಿಲ್ಲ, ಮೈಕೈ ನೋವು ಜಾಸ್ತಿಯೇ ಆಯಿತು. ಎರಡನೇ ತಿಂಗಳಲ್ಲಿ ಒಂದು ಬೆಳಗ್ಗೆ ಹಿಂದೆ ಯಾರೋ ಕರೆದರು ಅಂತ ತಿರುಗಿ ನೋಡಿದೆ. ಆಮೇಲೆ ನೆನಪಾಯಿತು, ಇಡೀ ಮೈ ತಿರುಗಿಸದೆ ಬರೀ ಕತ್ತು ತಿರುಗಿಸಿದ್ದೆ.

ಹೆಂಗಸರ ಬೆನ್ನು ಬಾಗುವುದಕ್ಕೆ ‘ನೆಟ್ಟಗೆ ಕೂರು’ ಅಂತ ಬೈಯುವುದು ಮದ್ದಲ್ಲ. ನಮ್ಮ ದಿನ ಹೇಗಿರುತ್ತದೋ ಮೈ ಹಾಗೆ ಆಗುತ್ತದೆ. ಆ ದಿನವನ್ನು ಕೇಳಿ ತಿಳಿದುಕೊಳ್ಳುವ ಫಿಸಿಯೋ ಬೇಕು. ನಿಮ್ಮ ಅನುಭವ ಬರೆಯಿರಿ.

ಠಾಣೆ ಫಿಸಿಯೋ:

ಅಕ್ಕ, ನಾನು ಇದೇ ಕೆಲಸದಲ್ಲಿ ಇರುವವಳು, ನಿಮ್ಮ ಪೋಸ್ಟ್ ಓದಿ ತುಂಬಾ ಖುಷಿಯಾಯಿತು. ಕೆಲವು ವಿಷಯ ಸೇರಿಸುತ್ತೇನೆ.

ಮೊದಲನೆಯದು, ಶಾಖ, ಕರೆಂಟು ಇವೆಲ್ಲ ನೋವು ತಡೆಯಲು ಸ್ವಲ್ಪ ಹೊತ್ತಿನ ಸಹಾಯ. ಸ್ನಾಯುವಿಗೆ ಬಲ ಕೊಡುವುದು ವ್ಯಾಯಾಮ ಮಾತ್ರ, ಅದಕ್ಕೆ ಆರರಿಂದ ಹನ್ನೆರಡು ವಾರ ಬೇಕೇ ಬೇಕು. ಹತ್ತು ದಿನದಲ್ಲಿ ಸರಿಮಾಡುತ್ತೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎರಡನೆಯದು, ‘ಸರಿಯಾದ ಭಂಗಿ’ ಅಂತ ಒಂದೇ ಒಂದು ಇಲ್ಲ. ಎಷ್ಟೇ ನೆಟ್ಟಗೆ ಕೂತರೂ ಎರಡು ಗಂಟೆ ಅಲ್ಲಾಡದೆ ಕೂತರೆ ಬೆನ್ನು ನೋಯುತ್ತದೆ. ಸ್ವಲ್ಪ ಕುಗ್ಗಿ ಕೂತವರಿಗೆಲ್ಲ ನೋವು ಬರುತ್ತದೆ ಅಂತಲೂ ಇಲ್ಲ. ತೊಂದರೆ ಆಗುವುದು ಒಂದೇ ಭಂಗಿಯಲ್ಲಿ ಸಿಕ್ಕಿಹಾಕಿಕೊಂಡಾಗ, ಮತ್ತು ಅದನ್ನು ತಡೆದುಕೊಳ್ಳುವ ಬಲ ಸ್ನಾಯುವಿಗೆ ಇಲ್ಲದಾಗ. ತಲೆಯ ತೂಕ ನಾಲ್ಕೂವರೆ ಐದು ಕಿಲೋ. ಮೊಬೈಲಿಗೆ ಅಂತ ಅದನ್ನು ಮುಂದಕ್ಕೆ ತೂಗಿಸಿದಾಗ ಹಿಂಗತ್ತಿನ ಸ್ನಾಯುಗಳು ಅದನ್ನು ಎಳೆದು ಹಿಡಿದುಕೊಂಡೇ ಇರಬೇಕು.

ಓಟಾ ಬಗ್ಗೆ: ಮೊಣಕೈಯಿಂದ 10-15 ಸೆಂಟಿಮೀಟರ್ ಕೆಳಗೆ ಇದ್ದರೆ ಹೆಚ್ಚು ಕಡಿಮೆ ಸರಿ. ಹಿಟ್ಟು ನಾದುವಂಥ ಒತ್ತುವ ಕೆಲಸಕ್ಕೆ ಇನ್ನೂ ಸ್ವಲ್ಪ ಕೆಳಗೆ ಬೇಕು. ನೀವು ಎತ್ತರ ಇದ್ದರೆ ತೊಂದರೆ ತಿರುಗಾಮುರುಗಾ, ಸಿಂಕಿಗೆ ಬಾಗಿ ಬಾಗಿ ಸೊಂಟ ಹೋಗುತ್ತದೆ. ಸಿಂಕಿನೊಳಗೆ ಒಂದು ದೊಡ್ಡ ಪಾತ್ರೆ ಬೋರಲು ಹಾಕಿ ಅದರ ಮೇಲೆ ತಟ್ಟೆ ಇಟ್ಟು ತೊಳೆಯಿರಿ.

ಕಾಂದಿವ್ಲಿ ಸೊಸೆ:

ನಮ್ಮತ್ತೆ ಬೇರೆಯೇ ಹೇಳುತ್ತಾರೆ. ಅವರು ಉಡುಪಿ ಕಡೆಯವರು. ಬಾವಿಯಿಂದ ನೀರು ಸೇದಿ, ಅರೆಯುವ ಕಲ್ಲಿನಲ್ಲಿ ಮಸಾಲೆ ಅರೆದು, ಮೆಟ್ಟುಕತ್ತಿ ಮೇಲೆ ಕೂತು ತರಕಾರಿ ಹೆಚ್ಚಿದವರು. ‘ನಮಗೆ ಯಾವ ಫಿಸಿಯೋನೂ ಬೇಕಾಗಲಿಲ್ಲ, ನಿಮಗೆಲ್ಲ ಕೂತು ಕೂತು ಹೀಗಾಗಿದೆ’ ಅನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ ಅನ್ನಿಸುತ್ತದೆ ನನಗೆ. ಅವರು ಇವತ್ತಿಗೂ ಕೈ ಊರದೆ ನೆಲದಿಂದ ಏಳುತ್ತಾರೆ, ನನಗೆ 35ಕ್ಕೇ ಆಗುವುದಿಲ್ಲ.

ಮುಲುಂಡ್ ಅಜ್ಜಿ:

ಮಗಳೇ, ನಾನೂ ಅದೇ ಕಾಲದವಳು. ನೋವಿತ್ತು. ಹೇಳುತ್ತಿರಲಿಲ್ಲ ಅಷ್ಟೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಗೋಡೆಗೆ ಬೆನ್ನು ಒತ್ತಿ ನಿಲ್ಲುತ್ತಿದ್ದೆವು. ಆದರೆ ನೆಲಕ್ಕೆ ಕೂತು ಏಳುವುದು ಬಿಡಬಾರದು ಅನ್ನುವುದು ಸರಿ, ಅದರಿಂದ ಕಾಲಿಗೆ ಬಲ ಇರುತ್ತದೆ.

ನನ್ನ ಕಥೆ ಹೇಳುತ್ತೇನೆ. ನನಗೆ 66. ಮೂರು ವರ್ಷದ ಹಿಂದೆ ನನ್ನ ಸೀರೆ ನೆಲ ಗುಡಿಸತೊಡಗಿತು. ಅದೇ ಲಂಗ, ಅದೇ ಸೀರೆ, ಅದೇ ಜಾಗಕ್ಕೆ ಕಟ್ಟುತ್ತಿದ್ದೆ. ಲಂಗ ಸಡಿಲ ಆಗಿದೆ ಅಂತ ಲಾಡಿ ಬದಲಿಸಿದೆ, ಇನ್ನೊಂದು ಹೊಸದು ಹೊಲಿಸಿದೆ. ಆಮೇಲೆ ಒಂದು ದಿನ ಮೇಲಿನ ಶೆಲ್ಫಿನ ಉಪ್ಪಿನಕಾಯಿ ಭರಣಿ ಕೈಗೆ ಎಟುಕಲಿಲ್ಲ, ದಿನಾ ಎಟುಕುತ್ತಿದ್ದದ್ದು. ಮಗ ಅಳತೆ ಮಾಡಿದ. ನಾನು ಒಂದೂವರೆ ಇಂಚು ಕುಳ್ಳಗಾಗಿದ್ದೆ.

ಅದಕ್ಕೂ ಮೊದಲು ಸೊಂಟ ಹಿಡಿಯುತ್ತದೆ ಅಂತ ಮೊಬೈಲಿನಲ್ಲಿ ನೋಡಿಕೊಂಡು ಬಗ್ಗಿ ಕಾಲ್ಬೆರಳು ಮುಟ್ಟುವ ವ್ಯಾಯಾಮ ದಿನಾ ಮಾಡುತ್ತಿದ್ದೆ. ಒಂದು ಬೆಳಗ್ಗೆ ಬಗ್ಗಿದಾಗ ಬೆನ್ನಿನ ನಡುವೆ ಚಳಕ್ ಅಂತು. ಎಕ್ಸ್‌ರೇ ತೆಗೆದರೆ ಬೆನ್ನಿನ ಒಂದು ಮೂಳೆ ಜಜ್ಜಿ ಹೋಗಿದೆ. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿದರು, ಅದರ ಅಂಕ, ಟಿ ಸ್ಕೋರ್ ಅಂತಾರೆ, ಮೈನಸ್ 2.9. ಮೂಳೆ ಸವೆದಿತ್ತು. ಮುಟ್ಟು ನಿಂತ ಮೇಲೆ ಹೀಗಾಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಈಗ ಫಿಸಿಯೋ ಹುಡುಗಿ ಹೇಳಿಕೊಟ್ಟ ಹಾಗೆ ಮುಂದಕ್ಕೆ ಬಗ್ಗುವುದೇ ಇಲ್ಲ. ಏನಾದರೂ ಎತ್ತಬೇಕಾದರೆ ಬೆನ್ನು ಚಪ್ಪಟೆ ಇಟ್ಟು ಸೊಂಟದಿಂದ, ಮೊಣಕಾಲಿನಿಂದ ಇಳಿಯುತ್ತೇನೆ. ಗೋಡೆಗೆ ಒರಗಿ ಕೈ ಮೇಲೆತ್ತುತ್ತೇನೆ. ಅಡುಗೆ ಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತೇನೆ. ಬೀಳದ ಹಾಗೆ ನಿಲ್ಲುವ ಅಭ್ಯಾಸವೇ ಮುಖ್ಯ ಅಂತ ಅವಳು ದಿನಾ ಹೇಳುತ್ತಾಳೆ. ಡಾಕ್ಟರು ಕೊಟ್ಟ ಔಷಧಿ, ಕ್ಯಾಲ್ಸಿಯಂ, ವಿಟಮಿನ್ ಡಿ ಬೇರೆ.

ಠಾಣೆ ಫಿಸಿಯೋ:

ಅಜ್ಜಿ ಬರೆದದ್ದನ್ನು ಎಲ್ಲರೂ ಎರಡು ಸಲ ಓದಿ. ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಅದನ್ನು ಆಸ್ಟಿಯೋಪೊರೋಸಿಸ್ ಅನ್ನುತ್ತಾರೆ. ಮುಟ್ಟು ನಿಂತಾಗ ಈಸ್ಟ್ರೋಜನ್ ಇಳಿಯುತ್ತದೆ, ಅದರ ಜೊತೆ ಮೂಳೆಯೂ ಬೇಗ ಬೇಗ ಸವೆಯುತ್ತದೆ. ಬೆನ್ನುಮೂಳೆಯ ಮುಂಭಾಗ ಕುಸಿದಾಗ ಗೂನು ಬರುತ್ತದೆ. ‘ವಯಸ್ಸಾಯಿತು, ಬೆನ್ನು ಬಾಗಿತು’ ಅಂತ ನಾವು ಸುಮ್ನೆ ಬಿಡುವುದು ಎಷ್ಟೋ ಸಲ ಈ ಮುರಿತವನ್ನೇ. ಎತ್ತರ ಕಡಿಮೆಯಾದರೆ, 50 ದಾಟಿದ ಮೇಲೆ ಸಣ್ಣದಾಗಿ ಬಿದ್ದರೂ ಮೂಳೆ ಮುರಿದರೆ, ಡಾಕ್ಟರಿಗೆ ತೋರಿಸಿ ಸ್ಕ್ಯಾನ್ ಬಗ್ಗೆ ಕೇಳಿ. ಅಂಥವರಿಗೆ ಬೆನ್ನು ದುಂಡಗೆ ಮಾಡಿ ಬಗ್ಗುವ ವ್ಯಾಯಾಮ ಅಪಾಯ. ಅದಕ್ಕೇ ಹೇಳುವುದು, ಒಬ್ಬರಿಗೆ ಒಳ್ಳೆಯದಾದ ವಿಡಿಯೋ ಇನ್ನೊಬ್ಬರಿಗೆ ಬೇಡ.

ನೆರೂಲ್ ಬಾಣಂತಿ:

ಮಗುವಿಗೆ ಐದು ತಿಂಗಳು. ಅಮ್ಮ ಊರಿಂದ ಬಂದು ಬಾಣಂತನ ಮಾಡಿದರು. ನಲವತ್ತು ದಿನ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಕಟ್ಟಿದರು. ಆದರೂ ಹೊಟ್ಟೆ ಮುಂದೆ ಬಂದಿದೆ, ಸೊಂಟ ಒಳಕ್ಕೆ ಬಾಗಿದೆ. ಮಲಗಿ ಏಳುವಾಗ ಹೊಟ್ಟೆಯ ನಡುವೆ ಉದ್ದಕ್ಕೆ ಒಂದು ದಿಬ್ಬ ಏಳುತ್ತದೆ, ನೋಡಿದರೆ ಭಯವಾಗುತ್ತದೆ. ಇನ್ನೊಂದು, ಎರಡೂ ಕೈಯ ಹೆಬ್ಬೆರಳ ಬುಡದಲ್ಲಿ ಮಣಿಕಟ್ಟು ಎಂಥಾ ನೋವು ಅಂದರೆ ಮಗುವನ್ನು ಎತ್ತುವಾಗ ಕಣ್ಣಲ್ಲಿ ನೀರು ಬರುತ್ತದೆ. ಎಲ್ಲರೂ ‘ಬಾಣಂತಿಗೆ ಇದೆಲ್ಲ ಇದ್ದದ್ದೇ’ ಅನ್ನುತ್ತಾರೆ. ಇದ್ದದ್ದೇನಾ?

ಠಾಣೆ ಫಿಸಿಯೋ:

ತುಂಬಾ ಜನರಿಗೆ ಆಗುತ್ತದೆ ಅನ್ನುವುದು ನಿಜ. ಹಾಗಂತ ಸಹಿಸಿಕೊಂಡು ಇರಬೇಕಾಗಿಲ್ಲ.

ಹೊಟ್ಟೆಯ ಮುಂದೆ ಎಡಕ್ಕೊಂದು ಬಲಕ್ಕೊಂದು ಉದ್ದ ಸ್ನಾಯು ಇರುತ್ತವೆ. ಗರ್ಭ ಬೆಳೆದಂತೆ ಅವುಗಳ ನಡುವಿನ ಪಟ್ಟಿ ಹಿಗ್ಗಿ ಸ್ನಾಯುಗಳು ದೂರ ಸರಿಯುತ್ತವೆ. ನೀವೇ ನೋಡಬಹುದು. ಮಂಡಿ ಮಡಚಿ ಮಲಗಿ, ತಲೆ ಸ್ವಲ್ಪ ಎತ್ತಿ, ಹೊಕ್ಕುಳ ಮೇಲೂ ಕೆಳಗೂ ಬೆರಳು ಅಡ್ಡ ಇಟ್ಟು ಒತ್ತಿ. ಎರಡು ಬೆರಳಿಗಿಂತ ಜಾಸ್ತಿ ಸಂದು ಸಿಕ್ಕರೆ ಫಿಸಿಯೋಗೆ ತೋರಿಸಿ. ಅಮ್ಮ ಕಟ್ಟಿದ ಬಟ್ಟೆ ತಪ್ಪಲ್ಲ, ಅದು ಆಸರೆ ಕೊಡುತ್ತದೆ, ಆರಾಮ ಅನ್ನಿಸುತ್ತದೆ. ಆದರೆ ಬಟ್ಟೆ ಸ್ನಾಯುವಿಗೆ ಬಲ ಕೊಡುವುದಿಲ್ಲ. ಒಳ ಹೊಟ್ಟೆಯ ಸ್ನಾಯು ಎಚ್ಚರಿಸುವ ವ್ಯಾಯಾಮದಿಂದ ಶುರು ಮಾಡಬೇಕು. ಉಸಿರು ಬಿಡುತ್ತಾ ಹೊಟ್ಟೆಯನ್ನು ಮೆಲ್ಲಗೆ ಒಳಗೆಳೆಯುವುದು, ಅಷ್ಟರಿಂದಲೇ. ಆ ದಿಬ್ಬ ಏಳಿಸುವಂಥ ವ್ಯಾಯಾಮ ಸದ್ಯ ಬೇಡ. ಏಳುವಾಗ ಪಕ್ಕಕ್ಕೆ ಹೊರಳಿ ಕೈ ಊರಿ ಏಳಿ.

ಮಣಿಕಟ್ಟಿನ ನೋವು ಡಿ ಕ್ವೆರ್ವೇನ್ ಇರಬಹುದು, ಅಂದರೆ ಹೆಬ್ಬೆರಳ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳ ಸುತ್ತ ಊತ. ಹೆಬ್ಬೆರಳು ಅಗಲಿಸಿ ಮಗುವಿನ ಕಂಕುಳಿಗೆ ಕೈ ಹಾಕಿ ಎತ್ತುತ್ತೀರಿ ಅಲ್ವಾ? ಅದನ್ನು ಬಿಡಿ. ಅಂಗೈ ಮೇಲೆ ಮಾಡಿ, ಒಂದು ಕೈ ಕುಂಡಿ ಕೆಳಗೆ, ಒಂದು ಕೈ ಬೆನ್ನು ಕತ್ತಿನ ಕೆಳಗೆ ಹಾಕಿ ಎತ್ತಿ. ಸ್ವಲ್ಪ ದಿನ ಪಟ್ಟಿ ಹಾಕಬೇಕಾಗಬಹುದು. ಹಾಲು ಕೊಡುವಾಗ ನೀವು ಮಗುವಿನ ಕಡೆ ಬಾಗಬೇಡಿ, ದಿಂಬು ಇಟ್ಟು ಮಗುವನ್ನು ನಿಮ್ಮ ಎತ್ತರಕ್ಕೆ ತನ್ನಿ. ದಿನಕ್ಕೆ ಎಂಟು ಹತ್ತು ಸಲ ಬಾಗುವುದು ಅಂದರೆ ಸಣ್ಣ ಮಾತಲ್ಲ.

ಹೆಸರು ಬೇಡ:

ಇಷ್ಟು ಜನ ಬರೆದದ್ದು ನೋಡಿ ನನಗೂ ಧೈರ್ಯ ಬಂತು. ಕೆಮ್ಮಿದರೆ, ಸೀನಿದರೆ, ದಾದರ್ ಬ್ರಿಜ್ ಬೇಗ ಬೇಗ ಇಳಿದರೆ ಮೂತ್ರ ಸೋರುತ್ತದೆ. ಎರಡನೇ ಹೆರಿಗೆಯಿಂದ ಹೀಗೆ, ಒಂಬತ್ತು ವರ್ಷ. ಟ್ರೈನಿನಲ್ಲಿ ಟಾಯ್ಲೆಟ್ ಇಲ್ಲ ಅಂತ ಬೆಳಗ್ಗೆ ನೀರೇ ಕುಡಿಯುವುದಿಲ್ಲ. ಗೊತ್ತಾಗಬಾರದು ಅಂತ ತೊಡೆ ಬಿಗಿಹಿಡಿದು, ಮುಂದೆ ಸ್ವಲ್ಪ ಬಾಗಿ, ಚೀಲ ಹೊಟ್ಟೆಗೆ ಅಡ್ಡ ಇಟ್ಟುಕೊಂಡೇ ನಡೆಯುತ್ತೇನೆ. ನನ್ನ ನಡಿಗೆಯೇ ಬದಲಾಗಿದೆ. ಇದು ಫಿಸಿಯೋಗೆ ಹೇಳುವ ವಿಷಯವಾ?

ಠಾಣೆ ಫಿಸಿಯೋ:

ಹೌದು, ಖಂಡಿತ. ನೀವು ಬರೆದದ್ದಕ್ಕೆ ಥ್ಯಾಂಕ್ಸ್. ಸೊಂಟದ ಗುಂಡಿಯ ತಳದಲ್ಲಿ ಜೋಲಿಯ ಹಾಗೆ ಒಂದು ಸ್ನಾಯು ಇದೆ, ಪೆಲ್ವಿಕ್ ಫ್ಲೋರ್ ಅಂತಾರೆ. ಹೆರಿಗೆಯಲ್ಲಿ ಅದು ಹಿಗ್ಗಿ ಬಲ ಕಳೆದುಕೊಳ್ಳುತ್ತದೆ. ಅದನ್ನು ಮೇಲಕ್ಕೆ ಎಳೆದು ಹಿಡಿದು ಬಿಡುವ ವ್ಯಾಯಾಮದ ಬಗ್ಗೆ ಆರ್ನಲ್ಡ್ ಕೀಗಲ್ ಎಂಬ ಅಮೆರಿಕದ ವೈದ್ಯರು 1948ರಲ್ಲೇ ಬರೆದಿದ್ದಾರೆ, ಅದಕ್ಕೇ ಕೀಗಲ್ ಅನ್ನುವ ಹೆಸರು. ಒಂದು ಸಲಕ್ಕೆ ಕನಿಷ್ಠ ಎಂಟು, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಆದರೆ ಮೊದಲು ಒಬ್ಬರು ಹೇಳಿಕೊಡಬೇಕು, ಯಾಕೆಂದರೆ ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ತಳ್ಳುವವರು ತುಂಬಾ ಜನ. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ. ನೀರು ಕುಡಿಯುವುದು ಬಿಡಬೇಡಿ. ಉರಿ, ರಕ್ತ, ಕೆಳಗೆ ಏನೋ ಜಾರಿದ ಹಾಗೆ ಅನ್ನಿಸಿದರೆ ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಹೆಸರು ಬೇಡ:

ಒಂಬತ್ತು ವರ್ಷದ ನಂತರವೂ ಸರಿಹೋಗಬಹುದಾ?

ಠಾಣೆ ಫಿಸಿಯೋ:

ಸುಧಾರಿಸುವವರು ತುಂಬಾ ಜನ. ಸ್ನಾಯುವಿಗೆ ವರ್ಷದ ಲೆಕ್ಕ ಇಲ್ಲ, ಈಗ ಶುರು ಮಾಡಿದರೂ ಬಲ ಬರುತ್ತದೆ. ನನ್ನ ಹತ್ತಿರ ಬರುವವರಲ್ಲಿ ಅಜ್ಜಿಯಂದಿರೂ ಇದ್ದಾರೆ.

ಗೋರೆಗಾಂವ್ ಅಮ್ಮ:

ನನ್ನ ಮಗಳಿಗೆ 13. ಹೋದ ವರ್ಷದಿಂದ ಭುಜ ಮುಂದೆ ಮಾಡಿ, ಎದೆ ಒಳಗೆ ಮಾಡಿ ನಡೆಯತೊಡಗಿದಳು. ದಿನಕ್ಕೆ ಹತ್ತು ಸಲ ‘ನೆಟ್ಟಗೆ ನಿಲ್ಲು’ ಅಂತ ಬೈದೆ. ಫಿಸಿಯೋ ನನ್ನನ್ನು ಹೊರಗೆ ಕಳಿಸಿ ಅವಳ ಜೊತೆ ಮಾತಾಡಿದರು. ಆಮೇಲೆ ನನಗೆ ಹೇಳಿದರು, ಕ್ಲಾಸಿನಲ್ಲಿ ಹುಡುಗರು ಏನೋ ಅಂದಿದ್ದರಂತೆ, ಅವಳು ಎದೆ ಮುಚ್ಚಿಕೊಳ್ಳಲು ಹಾಗೆ ನಡೆಯುತ್ತಿದ್ದಳು. ಸ್ಕೂಲ್ ಬ್ಯಾಗನ್ನೂ ಅದಕ್ಕೇ ಮುಂದೆ ಹಿಡಿಯುತ್ತಿದ್ದಳು. ಮನೆಗೆ ಬಂದು ತುಂಬಾ ಅತ್ತೆ. ನಾನು ಬೈದ ಒಂದೊಂದು ಸಲವೂ ಅವಳ ಎದೆಯ ಕಡೆಗೇ ಎಲ್ಲರ ಗಮನ ಸೆಳೆದಿದ್ದೆ ಅಲ್ವಾ. ಸರಿಯಾದ ಅಳತೆಯ ಒಳಉಡುಪು ಕೊಡಿಸಿದೆ, ಬೈಯುವುದು ನಿಲ್ಲಿಸಿದೆ. ಈಗ ಬ್ಯಾಡ್ಮಿಂಟನ್ ಆಡುತ್ತಾಳೆ, ಆಡುವಾಗ ಬೆನ್ನು ತಾನೇ ನೆಟ್ಟಗಾಗುತ್ತದೆ.

ಅದೇ ದಿನ ಅವಳನ್ನು ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿದಾಗ ಒಂದು ಕಡೆಯ ಪಕ್ಕೆಲುಬು ಸ್ವಲ್ಪ ಎದ್ದು ಕಂಡಿತು. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಪಕ್ಕಕ್ಕೆ 14 ಡಿಗ್ರಿ ಬಾಗಿತ್ತು. ಮೂಳೆ ಡಾಕ್ಟರು ಆರು ತಿಂಗಳಿಗೊಮ್ಮೆ ನೋಡೋಣ ಅಂದಿದ್ದಾರೆ.

ಠಾಣೆ ಫಿಸಿಯೋ:

10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್ ಅನ್ನುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಅದು ಜಾಸ್ತಿಯಾಗುವುದು ಹುಡುಗಿಯರಲ್ಲೇ ಹೆಚ್ಚು, ಅದಕ್ಕೆ ಆರು ತಿಂಗಳ ತಪಾಸಣೆ ತಪ್ಪಿಸಬೇಡಿ. ಇದು ಬ್ಯಾಗಿನಿಂದ, ಕೂರುವ ರೀತಿಯಿಂದ ಬಂದದ್ದಲ್ಲ. ಮಗಳಿಗೆ ಅದನ್ನು ಸ್ಪಷ್ಟವಾಗಿ ಹೇಳಿ, ತನ್ನ ತಪ್ಪು ಅಂದುಕೊಳ್ಳಬಾರದು.

ಭಾಂಡುಪ್ ಗಂಡ:

ಹೆಂಡತಿಗೆ ಸೊಂಟ ನೋವು ಅಂತ ಬೆಲ್ಟ್ ತಂದುಕೊಟ್ಟಿದ್ದೇನೆ. ದಿನವಿಡೀ ಹಾಕುತ್ತಾಳೆ. ಸರಿಯಾ? ಒಂದು ಸಲಕ್ಕೆ 600 ರೂಪಾಯಿ ಕೊಟ್ಟು ಫಿಸಿಯೋ ಹತ್ತಿರ ಹೋಗಲು ನಮಗೆ ಕಷ್ಟ.

ಠಾಣೆ ಫಿಸಿಯೋ:

ನೋವು ಜೋರಿದ್ದಾಗ, ಪ್ರಯಾಣದಲ್ಲಿ ಸ್ವಲ್ಪ ಹೊತ್ತು ಸರಿ. ಅದನ್ನೇ ನಂಬಿಕೊಂಡು ವ್ಯಾಯಾಮ ಬಿಟ್ಟರೆ ಪ್ರಯೋಜನವಿಲ್ಲ. ಖರ್ಚಿಗೆ ದಾರಿ ಇದೆ. ಕೆಇಎಂ, ಸಯನ್, ನಾಯರ್ ಇವೆಲ್ಲ ಪಾಲಿಕೆಯ ಆಸ್ಪತ್ರೆಗಳು, ಅಲ್ಲಿ ಫಿಸಿಯೋಥೆರಪಿ ವಿಭಾಗ ಇದೆ. ಕೇಸ್ ಪೇಪರ್ ಮಾಡಿಸಿದರೆ ಆಯಿತು, ಖರ್ಚು ತುಂಬಾ ಕಡಿಮೆ. ಸಾಲು ಉದ್ದ ಇರುತ್ತದೆ, ಬೆಳಗ್ಗೆ ಬೇಗ ಹೋಗಿ. ನಮ್ಮ ದೇಶದಲ್ಲಿ ಫಿಸಿಯೋಥೆರಪಿ ಕಲಿಸುವುದು ಶುರುವಾದದ್ದೇ ಪರೇಲಿನ ಕೆಇಎಂನಲ್ಲಿ, 1950ರ ದಶಕದ ಆರಂಭದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಸಹಾಯದಿಂದ. ಖಾಸಗಿ ಕ್ಲಿನಿಕ್ಕಿಗೆ ಹೋಗುವುದಾದರೆ ಡಿಗ್ರಿ ಇದೆಯಾ, ಮಹಾರಾಷ್ಟ್ರದ ಫಿಸಿಯೋಥೆರಪಿ ಕೌನ್ಸಿಲ್ಲಿನ ನೋಂದಣಿ ಇದೆಯಾ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು. ಪ್ರತಿ ದಿನ ಹೋಗಬೇಕಾಗಿಯೂ ಇಲ್ಲ, ವ್ಯಾಯಾಮ ಕಲಿತು ಮನೆಯಲ್ಲಿ ಮಾಡಿ ಎರಡು ವಾರಕ್ಕೊಮ್ಮೆ ತೋರಿಸಿದರೂ ಸಾಕಾಗುತ್ತದೆ.

ಒಂದು ಎಚ್ಚರಿಕೆ. ಬೆನ್ನು ನೋವಿರುವಾಗ ಇದ್ದಕ್ಕಿದ್ದಂತೆ ಕಾಲಿನ ಬಲ ಹೋದರೆ, ತೊಡೆಸಂದಿನ ಜಾಗ ಜೋಮು ಹಿಡಿದರೆ, ಮೂತ್ರ ಮಲ ಹಿಡಿತ ತಪ್ಪಿದರೆ ಫಿಸಿಯೋಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದರ ಜೊತೆ ಬೆನ್ನು ನೋವಿದ್ದರೂ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವಿದ್ದರೂ ಬೇಗ ಡಾಕ್ಟರಿಗೆ ತೋರಿಸಿ.

ಕಾಂದಿವ್ಲಿ ಸೊಸೆ:

ಎಲ್ಲ ಓದಿದೆ. ಅತ್ತೆಗೂ ಓದಿ ಹೇಳಿದೆ. ಅಜ್ಜಿಯ ಸೀರೆಯ ವಿಷಯ ಬಂದಾಗ ಅವರು ಏನೂ ಮಾತಾಡಲಿಲ್ಲ, ಆಮೇಲೆ ಎದ್ದು ಹೋಗಿ ತಮ್ಮ ಹಳೆಯ ಲಂಗ ತಂದು ಉಟ್ಟು ನೋಡಿದರು. ಮುಂದಿನ ವಾರ ಇಬ್ಬರೂ ಹೋಗುತ್ತಿದ್ದೇವೆ. ಒಂದು ಪ್ರಶ್ನೆ ಡೊಂಬಿವ್ಲಿ ಅಕ್ಕನಿಗೆ: ಸಮಯ ಎಲ್ಲಿಂದ ಸಿಕ್ಕಿತು? ನನಗೆ ಅದೇ ದೊಡ್ಡ ಸಮಸ್ಯೆ.

ಡೊಂಬಿವ್ಲಿ ಅಕ್ಕ:

ಸಿಗಲಿಲ್ಲ, ಕೇಳಿ ಪಡೆದೆ. ಮೊದಲ ತಿಂಗಳು ವ್ಯಾಯಾಮ ಮಾಡುವಾಗ ನಾಲ್ಕು ಸಲ ಕರೆಯುತ್ತಿದ್ದರು, ಗ್ಯಾಸ್ ನೋಡು, ಚಾರ್ಜರ್ ಎಲ್ಲಿ ಅಂತ. ಒಂದು ದಿನ ಕೂತು ಹೇಳಿದೆ, ರಾತ್ರಿ 9:15ರಿಂದ 9:35 ನಾನು ಕೋಣೆಯಲ್ಲಿ ಇರುತ್ತೇನೆ, ಬಾಗಿಲು ಹಾಕಿರುತ್ತದೆ. ಆ ಹೊತ್ತಿಗೆ ಪಾತ್ರೆ ಅವರದ್ದು. ಚಪಾತಿಯಲ್ಲಿ ಅರ್ಧ ಮಗ ಲಟ್ಟಿಸುತ್ತಾನೆ, ಅವನಿಗೆ 17, ಓಟಾ ಅವನ ಎತ್ತರಕ್ಕೆ ಸರಿಯಾಗಿದೆ. ಫಿಸಿಯೋ ಹೇಳಿದ ವ್ಯಾಯಾಮಕ್ಕಿಂತ ಈ 20 ನಿಮಿಷ ಸಿಕ್ಕಿದ್ದೇ ನನಗೆ ದೊಡ್ಡದು ಅನ್ನಿಸುತ್ತದೆ.

ಟ್ರೈನಿನಲ್ಲಿ ಚೌಥಿ ಸೀಟು ಬಿಡಲು ಆಗುವುದಿಲ್ಲ. ಆದರೆ ಹೋಗುವಾಗ ಎಡ ತೊಡೆ ಮೇಲೆ ಕೂತರೆ ಬರುವಾಗ ಎದುರು ಬದಿಯ ಬೆಂಚು ಹಿಡಿದು ಬಲ ತೊಡೆ ಮೇಲೆ ಕೂರುತ್ತೇನೆ. ಘಾಟ್‌ಕೋಪರ್ ಬಂದಾಗ ಎದ್ದು ನಿಂತು ಪಕ್ಕದವಳಿಗೆ ಬಿಡುತ್ತೇನೆ, ಅವಳು ಕುರ್ಲಾ ದಾಟಿದ ಮೇಲೆ ನನಗೆ ಬಿಡುತ್ತಾಳೆ. ನಮ್ಮ ಗುಂಪಿನಲ್ಲಿ ಈಗ ಐದು ಜನ ಹೀಗೆ ಮಾಡುತ್ತೇವೆ.

ಭಾಂಡುಪ್ ಗಂಡ:

ಅಕ್ಕ, ಆ ಹಲಗೆ ಎಲ್ಲಿ ಸಿಗುತ್ತದೆ? ನಮ್ಮ ಓಟಾ 35 ಇಂಚು, ಅವಳು 4 ಅಡಿ 11.

ಡೊಂಬಿವ್ಲಿ ಅಕ್ಕ:

ನಾನು ಬಡಗಿ ಹತ್ತಿರ ಮಾಡಿಸಿದೆ. ಎರಡೂ ಪಾದ ಆರಾಮಾಗಿ ಇಡುವಷ್ಟು ಅಗಲ ಇರಲಿ, ಎರಡಡಿ ಉದ್ದ ಇದ್ದರೆ ಅಕ್ಕಪಕ್ಕ ಸರಿಯಬಹುದು. ಕೆಳಗೆ ರಬ್ಬರ್ ಹಾಕಿಸಿ, ಜಾರಬಾರದು. ಎತ್ತರ ನನ್ನದನ್ನು ನೋಡಿ ಮಾಡಿಸಬೇಡಿ. ಅವರು ಬರಿಗಾಲಲ್ಲಿ ಓಟಾ ಮುಂದೆ ನಿಂತು ಮೊಣಕೈ ಮಡಚಲಿ, ನೆಲದಿಂದ ಮೊಣಕೈವರೆಗೆ ನೀವು ಟೇಪು ಹಿಡಿಯಿರಿ.

ಭಾಂಡುಪ್ ಗಂಡ:

ಈಗಲೇ ಅಳೆದೆ. 37.

ಡೊಂಬಿವ್ಲಿ ಅಕ್ಕ:

ಹಾಗಾದರೆ ಈಗ ಎರಡೇ ಇಂಚು ಅಂತರ ಇದೆ. ಮೂರು ಇಂಚಿನ ಹಲಗೆ ಮಾಡಿಸಿ, ಐದು ಇಂಚು ಸಿಗುತ್ತದೆ. ಒಂದು ವಾರ ಲಟ್ಟಿಸಿದ ಮೇಲೆ ಅವರ ಭುಜ ಹೇಗಿದೆ ಅಂತ ಕೇಳಿ ಇಲ್ಲಿ ಬರೆಯಿರಿ.